ಅತ್ತೆ ಇಟಲಿಯಲ್ಲಿ ಹಾಸಿಗೆ ಮಡಚಿದ್ದು

ನಮ್ಮತ್ತೆ ಗುರುಶಾಂತವ್ವ ಯಾರ ಮನೆಯಲ್ಲಿ ಉಳಿದರೂ, ಆ ಮನೆಯವರು ಏಳುವುದರೊಳಗೆ ತಾವು ಮಲಗಿದ್ದ ಹಾಸಿಗೆ ಮಡಚಿ, ಗೋಡೆಗೆ ಒತ್ತಿಟ್ಟು, ಮೇಲೆ ದಿಂಬು ಹೇರಿ, ಆಮೇಲೆಯೇ ಮುಖ ತೊಳೆಯುವವರು. ಹಾಸಿಗೆಯನ್ನು ಬಿಚ್ಚಿದ ಹಾಗೇ ಬಿಟ್ಟು ಏಳುವವರು ಕಾಯಿಲೆಯವರು ಮಾತ್ರ ಎಂಬುದು ಅವರ ಅಭಿಪ್ರಾಯ. ಈ ಒಂದು ಪದ್ಧತಿಯಿಂದಾಗಿ ಇಟಲಿ ದೇಶದ ಬೊಲೊನ್ಯಾ ಎಂಬ ಪೇಟೆಯ ನಟ್ಟನಡುವಿನ ಹೋಟೆಲಿನಲ್ಲಿ ನಡೆದದ್ದನ್ನು ನನ್ನ ಗಂಡ ಸುಭಾಷ್ ಅಂಗಡಿಗೆ ಬಂದವರಿಗೆಲ್ಲ ನಗೆಯ ಕಥೆ ಮಾಡಿ ಹೇಳುತ್ತಾರೆ. ಅವರು ಅಲ್ಲಿ ಇರಲಿಲ್ಲ. ಇದ್ದವಳು ನಾನು. ಹಾಗಾಗಿ ನಾನೇ ಹೇಳುವುದು ಒಳ್ಳೆಯದು.

ದಾಸನಕೊಪ್ಪದಲ್ಲಿ ಬನವಾಸಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಅಂಗಡಿ, ಅಂಗಡಿಯ ಹಿಂದೆ ಮನೆ. ಪೈಪು, ಪಂಪ್‌ಸೆಟ್, ಸ್ಪ್ರಿಂಕ್ಲರ್ ಮಾರುತ್ತೇವೆ. ಮಾವ ಚನ್ನಬಸವಪ್ಪ ಹಗ್ಗ ಬಕೀಟು ಇಟ್ಟುಕೊಂಡು ಶುರು ಮಾಡಿದ ಅಂಗಡಿ ಅದು. ಅವರು ತೀರಿಕೊಂಡಾಗ ಸುಭಾಷ್ ಇನ್ನೂ ಹೈಸ್ಕೂಲು ಮುಗಿಸಿರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು ಗಲ್ಲಾದ ಮುಂದೆ ಕೂತರಂತೆ. ಪೈಪಿನ ಅಳತೆ ಕೇಳಲು ಬಂದ ರೈತರಿಗೆ ಮೊದಲು ಊಟ ಆಯಿತೇ ಎಂದು ಕೇಳಿ, ಆಗಿಲ್ಲವೆಂದರೆ ಒಳಗೆ ಕಳಿಸಿ ರೊಟ್ಟಿ ಹಾಕಿಸಿ, ಆಮೇಲೆ ವ್ಯಾಪಾರದ ಮಾತು. ಶಿರಸಿಯ ಕೊನೆ ಬಸ್ಸು ತಪ್ಪಿದವರು, ಮಠಕ್ಕೆ ಹೊರಟ ಸ್ವಾಮಿಗಳು, ಬನವಾಸಿಯಿಂದ ಅನಾನಸು ಹೊತ್ತು ಬರುವ ಅವರ ತವರಿನವರು, ಯಾರು ಬಂದರೂ ನಮ್ಮ ಪಡಸಾಲೆಯಲ್ಲಿ ಹಾಸಿಗೆ ಉಂಟು. ಜೀವಮಾನವೆಲ್ಲ ಬಂದವರನ್ನು ನೋಡಿಕೊಂಡ ಹೆಂಗಸು ತಾನು ಇನ್ನೊಬ್ಬರ ಮನೆಗೆ ಹೋದರೆ ಮಾತ್ರ ಮುಳ್ಳಿನ ಮೇಲೆ ಕೂತಂತೆ ಇರುತ್ತಿದ್ದರು.

ಅವರು ಬೈಯುವವರಲ್ಲ, ಹೊಗಳುವವರೂ ಅಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹಂಚಿನ ಮೇಲೆ ನನ್ನ ರೊಟ್ಟಿ ಉಬ್ಬಿದರೂ ಮಾತಿಲ್ಲ, ಸೀದರೂ ಮಾತಿಲ್ಲ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೈಸಿಕೊಂಡಿದ್ದರೆ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬಾಯೇ ಬಿಡದವರ ಹತ್ತಿರ ಜಗಳವಾದರೂ ಹೇಗೆ ಆಡುವುದು? ನಾನೆಂದರೆ ಅತ್ತೆಗೆ ಅಷ್ಟಕ್ಕಷ್ಟೇ ಎಂದು ತೀರ್ಮಾನ ಮಾಡಿಕೊಂಡು ನನ್ನ ಪಾಡಿಗೆ ನಾನಿದ್ದೆ. ಮಗ ಶರಣನಿಗೆ ಮೀಸೆ ಮೂಡುವ ವಯಸ್ಸು ಬಂತು, ನಾವಿಬ್ಬರೂ ಹೀಗೇ ಇದ್ದೆವು.

ಹೀಗಿರುವಾಗ ಪೈಪಿನ ಕಂಪನಿಯವರು ಚೆನ್ನಾಗಿ ಮಾರಿದ ಡೀಲರುಗಳನ್ನು ಜೋಡಿಯಾಗಿ ಇಟಲಿಗೆ ಕರೆದುಕೊಂಡು ಹೋಗುತ್ತೇವೆ ಎಂದರು. ಆ ವರ್ಷ ನಮ್ಮ ಸುತ್ತಿನ ಶುಂಠಿ ಗದ್ದೆಗಳಿಗೆಲ್ಲ ಸ್ಪ್ರಿಂಕ್ಲರ್ ಕೊಟ್ಟವರು ನಾವೇ. ಆದರೆ ಸುಭಾಷ್ ದೇವಿಮನೆ ಘಟ್ಟ ಇಳಿಯುವಾಗಲೇ ಕಣ್ಣು ಮುಚ್ಚಿಕೊಂಡು ಕೂರುವ ಮನುಷ್ಯ. ವಿಮಾನ ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ ಎಂದು ಹಟ ಹಿಡಿದರು. ಮನೆಯವರು ಯಾರಾದರೂ ಇಬ್ಬರು ಬರಬಹುದು ಎಂದು ಕಂಪನಿಯವರು ಹೇಳಿದ್ದೇ ತಡ, ಅವ್ವನನ್ನು ಕರೆದುಕೊಂಡು ಹೋಗು ಎಂದು ನನ್ನ ತಲೆಗೆ ಕಟ್ಟಿದರು. ಶರಣನಿಗೆ ಪರೀಕ್ಷೆ ಇತ್ತು. ಅತ್ತೆ ಬೇಡ ಎನ್ನಬಹುದು ಎಂದು ನಾನು ಕಾದೆ. ಅವರು ಅನ್ನಲಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ವಿಭೂತಿ ಗಟ್ಟಿ, ಸಕ್ಕರೆ ಕಾಯಿಲೆಯ ಗುಳಿಗೆ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ತಯಾರಾಗಿ ಕೂತರು.

ನಮ್ಮತ್ತೆ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುವುದಿಲ್ಲ. ಬೆಳಗಿನ ಜಾವ ಸ್ನಾನ ಮಾಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತರೆಂದರೆ ಎದ್ದು ಬರುವವರೆಗೆ ಯಾರೂ ಆ ಕಡೆ ಸುಳಿಯಬಾರದು. ನಾನು ಆ ಹೊತ್ತಿನಲ್ಲಿ ಒಲೆಯ ಮುಂದೆ ಇರುತ್ತೇನೆ. ಅವರ ಪೂಜೆಯನ್ನು ನಾನು ಹತ್ತಿರದಿಂದ ನೋಡಿದ್ದೇ ಇಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಮೈಮೇಲಿನ ವಸ್ತುಗಳನ್ನೆಲ್ಲ ಟ್ರೇಯಲ್ಲಿ ಹಾಕಿ ಎಂದಾಗ, ಚಪ್ಪಲಿ ಇಟ್ಟ ಟ್ರೇಯಲ್ಲಿ ಲಿಂಗ ಇಡುವುದಿಲ್ಲ ಎಂದು ನಿಂತುಬಿಟ್ಟರು. ತಪಾಸಣೆಯ ಹೆಣ್ಣುಮಗಳು ಪರದೆಯ ಹಿಂದೆ ಕರೆದುಕೊಂಡು ಹೋಗಿ, ಕೈಯಲ್ಲೇ ಹಿಡಿಸಿ, ನೋಡಿ ಕಳಿಸಿದಳು.

ಬೊಲೊನ್ಯಾದ ಹೋಟೆಲು ಊರಿನ ದೊಡ್ಡ ಚೌಕದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಆ ಊರಿನ ಬೀದಿಗಳಿಗೆಲ್ಲ ಎರಡೂ ಬದಿಗೆ ಕಂಬ ನಿಲ್ಲಿಸಿ ಮೇಲೆ ಮಾಡು ಹಾಕಿದ್ದಾರೆ. ಅದರಡಿಯಲ್ಲೇ ಜನ ನಡೆಯುವುದು. ಊರ ತುಂಬ ಪಡಸಾಲೆ ಕಟ್ಟಿದ್ದಾರೆ, ಯಾರು ಬೇಕಾದರೂ ಬಂದು ಕೂರಬಹುದು ಎಂದು ಅತ್ತೆಗೆ ಬಹಳ ಸಮಾಧಾನವಾಯಿತು. ಕೋಣೆಯ ಬಾಗಿಲು ತೆಗೆದರೆ ಒಂದೇ ಒಂದು ದೊಡ್ಡ ಮಂಚ, ಮೇಲೆ ಬಿಳಿ ಹಾಸಿಗೆ, ಅದರ ಮೇಲೆ ಗುಲಾಬಿ ಎಸಳಿನಲ್ಲಿ ಹೃದಯ ಬಿಡಿಸಿದ್ದರು. ಜೋಡಿ ಬರುತ್ತದೆ ಎಂದು ಯಾರೋ ಬರೆದುಕೊಂಡಿದ್ದರ ಫಲ. ಇಲ್ಲಿ ಯಾರದಾದರೂ ಮದುವೆ ಇದೆಯೇ ಎಂದು ಅತ್ತೆ ಕೇಳಿದರು. ನಾನು ನಗು ತಡೆದುಕೊಂಡು ಎಸಳು ಬಳಿದು ಬುಟ್ಟಿಗೆ ಹಾಕಿದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದ ನಾವು ಒಂದೇ ಹಾಸಿಗೆಯಲ್ಲಿ ಮಲಗಿದ್ದು ಅಂದೇ ಮೊದಲು. ಅವರು ಆ ಅಂಚಿಗೆ, ನಾನು ಈ ಅಂಚಿಗೆ. ನಡುವೆ ಇನ್ನೊಂದು ಸಂಸಾರ ಮಲಗುವಷ್ಟು ಜಾಗ.

ಸ್ನಾನದ ಕೋಣೆಯಲ್ಲಿ ಕಮೋಡಿನ ಪಕ್ಕ ಇನ್ನೊಂದು ಗಿಡ್ಡನೆಯ ಬೋಗುಣಿ ಇತ್ತು, ಅದಕ್ಕೊಂದು ನಲ್ಲಿ. ಅತ್ತೆ ಅದರ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಹದವಾದ ಬಿಸಿನೀರು ಬಿಟ್ಟುಕೊಂಡು, ಎರಡೂ ಪಾದಗಳನ್ನು ತಿಕ್ಕಿ ತೊಳೆದುಕೊಂಡರು.

"ಬಂದವರಿಗೆ ಕಾಲಿಗೆ ನೀರು ಕೊಡಬೇಕನ್ನೂದು ಇವರಿಗೂ ಗೊತ್ತೈತಿ ನೋಡು," ಎಂದರು.

ಅದು ಕಾಲಿಗಲ್ಲ, ಕಮೋಡಿನಿಂದ ಎದ್ದವರು ಕೂತು ತೊಳೆದುಕೊಳ್ಳಲು ಇರುವ ಬೋಗುಣಿ ಎಂದು ನಮ್ಮ ತಂಡದ ಮೇಲ್ವಿಚಾರಕ, ಹುಬ್ಬಳ್ಳಿಯ ಉಲ್ಲಾಸ, ಹೆಂಗಸರ ಮುಂದೆ ನಾಚಿಕೊಂಡೇ ಹೇಳಿದ. ನಾನು ಅತ್ತೆಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಇಟಲಿಯವರು ಮರ್ಯಾದಸ್ತರು ಎಂಬ ಅವರ ಅಭಿಪ್ರಾಯ ಹಾಗೇ ಇರಲಿ.

ಬೆಳಿಗ್ಗೆ ಎದ್ದು ನೋಡಿದರೆ ನಾನು ಮಲಗಿದ್ದ ಅರ್ಧ ಬಿಟ್ಟು ಉಳಿದ ಹಾಸಿಗೆಯೆಲ್ಲ ಮಡಚಿಟ್ಟಾಗಿತ್ತು. ನಾನು ಏಳುತ್ತಲೇ ನನ್ನ ಅರ್ಧವೂ ಮಡಿಕೆಯಾಯಿತು. ಚಾದರ, ಹೊದಿಕೆ, ಟವೆಲು ಎಲ್ಲವೂ ಅಂಚಿಗೆ ಅಂಚು ಕೂಡಿಸಿ, ಕೊನೆಯ ತುದಿಯನ್ನು ಒಳಗೆ ಸಿಕ್ಕಿಸಿ, ನಮ್ಮ ಪಡಸಾಲೆಯಲ್ಲಿ ಇಡುವಂತೆಯೇ ಒಂದರ ಮೇಲೊಂದು. ಕೋಣೆ ಗುಡಿಸಲು ಬಂದ ಹುಡುಗಿ ಅದನ್ನು ನೋಡಿ ಗಾಬರಿಯಾಗಿ ಕೆಳಗೆ ಓಡಿದಳು. ಹಾಸಿಗೆ ಸರಿ ಇರಲಿಲ್ಲವೇ, ನೀವು ನೆಲದ ಮೇಲೆ ಮಲಗಿದಿರೇ ಎಂದು ಕೇಳಲು ಉಲ್ಲಾಸ ಬಂದ. ಹಾಗೇ ಬಿಟ್ಟುಬಿಡಿ, ಅದು ಆ ಹುಡುಗಿಯ ಕೆಲಸ ಎಂದು ತಿಳಿಸಿ ಹೇಳಿದ. ಅತ್ತೆ ತಲೆ ಆಡಿಸಿದರು. ಮಾರನೆಯ ದಿನ ಮತ್ತೆ ಮಡಚಿದರು. ಫಿಲಿಪೈನ್ಸ್‌ನಿಂದ ಬಂದವಳಂತೆ ಆ ಹುಡುಗಿ. ತೆಳ್ಳಗೆ, ಒಬ್ಬಳೇ ಒಂದು ಮಹಡಿಯ ಕೋಣೆಗಳನ್ನೆಲ್ಲ ಮಾಡುತ್ತಿದ್ದಳು. ಅವಳು ಬಗ್ಗಿ ಏಳುವುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳಿಗೆ ಒಂದು ಕಡಕ್ ರೊಟ್ಟಿ ಕೊಟ್ಟರು. ಅವಳು ಕಟುಂ ಎಂದು ಕಡಿದು ತಿಂದಳು.

ತಿಂಡಿಯ ಕೋಣೆಯಲ್ಲಿ ಅತ್ತೆ ಹಾಲು, ಬ್ರೆಡ್ಡು, ಹಣ್ಣು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅನಾನಸಿನ ಒಂದು ಹೋಳು ಬಾಯಿಗೆ ಹಾಕಿಕೊಂಡು, ಪಾಪ, ಇವರಿಗೆ ಸಿಕ್ಕಿದ್ದು ಇದು ಎಂದು ಮರುಕಪಟ್ಟರು. ಅವರ ತವರಿನ ಹೊಲದಲ್ಲಿ ಬೆಳೆಯುವುದೂ ಅದೇ ನೋಡಿ. ಸಂಜೆ ಚೌಕದಲ್ಲಿ ಕೂತು ಹೋಗಿಬರುವವರನ್ನು ನೋಡಿದೆವು. ಮಾತೇನೂ ಹೆಚ್ಚಿಗೆ ಆಡಲಿಲ್ಲ. ಆದರೂ ನನಗೆ ಆ ಎರಡು ದಿನ ಹಿತವಾಗಿತ್ತು.

ಮೂರನೆಯ ಬೆಳಿಗ್ಗೆ ತಿಂಡಿಯಾದ ಮೇಲೆ ಬಸ್ಸಿನಲ್ಲಿ ವೆನಿಸ್‌ಗೆ ಹೊರಡುವುದಿತ್ತು. ನೀರಿನ ಮೇಲಿನ ಆ ಊರು ನೋಡಬೇಕೆಂದೇ ನಾನು ಇಟಲಿ ಎಂದಾಗ ಹೂಂ ಅಂದಿದ್ದು. ಇನ್ನೂ ಮಬ್ಬು ಬೆಳಕಿನಲ್ಲಿ ಅತ್ತೆ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಅವರ ತಲೆ ಒದ್ದೆಯಾಗಿತ್ತು, ಹಣೆಯಲ್ಲಿ ವಿಭೂತಿ ಇರಲಿಲ್ಲ.

"ವಾಣಿ, ಏಳು. ಲಿಂಗ ಕಾಣವಲ್ದು."

ಆದದ್ದು ಇಷ್ಟು. ಬಿಳಿ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಲಿಂಗ, ರಾತ್ರಿ ದಾರ ಬಿಚ್ಚಿಕೊಂಡು ಹಾಸಿಗೆಗೆ ಜಾರಿದೆ. ಅತ್ತೆ ನನ್ನ ನಿದ್ದೆ ಕೆಡುತ್ತದೆಂದು ದೀಪ ಹಾಕದೆ, ಕತ್ತಲಲ್ಲೇ ತಾವು ಹೊದ್ದಿದ್ದ ಚಾದರ, ದಿಂಬಿನ ಮೇಲೆ ಹಾಸಿಕೊಂಡಿದ್ದ ಟವೆಲು ಮಡಚಿದ್ದಾರೆ. ಅಷ್ಟಕ್ಕೇ ಬಿಟ್ಟಿದ್ದರೂ ಸಾಕಿತ್ತು. ಹೇಗೂ ಇವತ್ತು ಕೋಣೆ ಬಿಡುತ್ತೇವೆ, ಆ ಹುಡುಗಿಗೆ ಒಂದು ಕೆಲಸವಾದರೂ ಕಡಿಮೆಯಾಗಲಿ ಎಂದು ಆ ಮಡಿಕೆಯನ್ನು ಒಯ್ದು ಬಾಗಿಲ ಹೊರಗೆ ಇಟ್ಟು, ಸ್ನಾನಕ್ಕೆ ಹೋಗಿದ್ದಾರೆ. ಬಂದು ಕೊರಳಿಗೆ ಕೈ ಹಾಕಿದಾಗ ಗೊತ್ತಾಗಿದೆ. ನಾನು ಬಾಗಿಲು ತೆಗೆದು ನೋಡಿದೆ. ಹೊರಗೆ ಏನೂ ಇರಲಿಲ್ಲ.

ಮಂಚದ ಕೆಳಗೆ, ದಿಂಬಿನ ಚೀಲದೊಳಗೆ, ಸ್ನಾನದ ಕೋಣೆಯಲ್ಲಿ ಎಲ್ಲ ಹುಡುಕಿದ್ದಾಯಿತು. ಕೆಳಗೆ ಕೌಂಟರಿನಲ್ಲಿದ್ದವನು ಬಹಳ ಸಭ್ಯ ಮನುಷ್ಯ. ಕೊಳೆ ಬಟ್ಟೆಯೆಲ್ಲ ಬೆಳಗಿನ ಗಾಡಿಯಲ್ಲಿ ಊರ ಹೊರಗಿನ ಲಾಂಡ್ರಿಗೆ ಹೋಗಿಬಿಟ್ಟಿದೆ ಎಂದ. ಕಳೆದದ್ದು ಬಂಗಾರವೇ, ವಜ್ರವೇ ಎಂದು ಕೇಳಿದ. ಕಲ್ಲು ಎಂದೆ. ಎಂಥ ಕಲ್ಲು ಎಂದ. ಸಣ್ಣದು, ಕಪ್ಪು, ದೇವರು ಎಂದೆ. ನನ್ನ ಇಂಗ್ಲಿಷು ಪೈಪಿನ ಕಂಪನಿಯ ಜೊತೆ ಮಾತಾಡಲು ಸಾಕಾಗುತ್ತದೆ, ಲಿಂಗದೀಕ್ಷೆಯನ್ನು ವಿವರಿಸಲು ಸಾಲುವುದಿಲ್ಲ. ಹುಟ್ಟಿದಾಗ ಗುರುಗಳು ಕಟ್ಟಿದ್ದು, ಸಾಯುವವರೆಗೆ ಮೈಮೇಲೆ ಇರಬೇಕಾದದ್ದು, ಅದನ್ನು ಪೂಜಿಸದೆ ಈಕೆ ನೀರೂ ಕುಡಿಯುವುದಿಲ್ಲ ಎಂದು ಹೇಗೋ ತಿಳಿಸಿದೆ. ಅವನು ಕೈಮೇಲೆ ಕೈಯಿಟ್ಟು ಸುಮ್ಮನೆ ಕೇಳಿಸಿಕೊಂಡು ಫೋನು ಎತ್ತಿಕೊಂಡ.

ನಮ್ಮ ತಂಡದವರೆಲ್ಲ ಚೀಲ ಹಿಡಿದುಕೊಂಡು ಸುತ್ತ ಸೇರಿದರು. ಸಿಕ್ಕರೆ ಹೋಟೆಲಿನವರು ಅಂಚೆಯಲ್ಲಿ ಕಳಿಸುತ್ತಾರೆ, ಬಸ್ಸು ನಿಲ್ಲಿಸಲು ಬರುವುದಿಲ್ಲ ಎಂದು ಉಲ್ಲಾಸ ಕೈ ಹಿಸುಕಿಕೊಂಡ. ಹಾವೇರಿಯ ಡೀಲರೊಬ್ಬರ ಹೆಂಡತಿ ದೇವಕ್ಕ ನಮ್ಮವರೇ. ಊರಿಗೆ ಹೋದ ಮೇಲೆ ಗುರುಗಳ ಕೈಯಿಂದ ಹೊಸದು ಕಟ್ಟಿಸಿಕೊಂಡರಾಯಿತು, ಅಲ್ಲಿಯವರೆಗೆ ಮನಸ್ಸಿನಲ್ಲೇ ಪೂಜೆ ಮಾಡಿ ಊಟ ಮಾಡಿ ಎಂದು ಮೆತ್ತಗೆ ಹೇಳಿದರು. ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ.

"ಹೊಸದು ಬ್ಯಾಡ್ರಿ ಯಕ್ಕಾ. ಅದ ಬೇಕು."

ಬಸ್ಸು ಹೋಯಿತು. ಸಿಕ್ಕಮೇಲೆ ರೈಲಿನಲ್ಲಿ ಬಂದು ಸೇರಿಕೊಳ್ಳುತ್ತೇವೆ ಎಂದು ನಾನು ಉಲ್ಲಾಸನಿಗೆ ಹೇಳಿದ್ದೆ. ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ನನಗೆ ಮೈಯೆಲ್ಲ ಉರಿಯಿತು. ಅಷ್ಟು ದೂರ ಬಂದು, ಆ ಊರು ನೋಡದೆ, ಒಂದು ಹಟಕ್ಕಾಗಿ ಹೋಟೆಲಿನ ಕೌಂಟರಿನ ಮುಂದೆ ಕೂರಬೇಕಾಯಿತಲ್ಲ ಎನಿಸಿತು. ಆ ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಸಕ್ಕರೆ ಕಾಯಿಲೆಯ ಮನುಷ್ಯರು. ಊಟವಿಲ್ಲದೆ ಗುಳಿಗೆ ಇಲ್ಲ. ಹೊತ್ತು ಏರಿದಂತೆ ಅವರ ಬೆರಳು ನಡುಗಲು ಶುರುವಾಗಿತ್ತು. ಆ ದೇಶದಲ್ಲಿ ಅವರಿಗೆ ಏನಾದರೂ ಆದರೆ ನಾನು ಯಾರನ್ನು ಕರೆಯುವುದು?

ಅಷ್ಟರಲ್ಲಿ ಆ ಕೋಣೆಯ ಹುಡುಗಿ ಬಂದಳು. ಕಣ್ಣು ಕೆಂಪಾಗಿತ್ತು. ಬಾಗಿಲ ಹೊರಗಿದ್ದ ಮಡಿಕೆಯನ್ನು ಬಿಚ್ಚಿ ನೋಡದೆ ಹಾಗೇ ಚೀಲಕ್ಕೆ ತುಂಬಿದವಳು ತಾನೇ, ತನ್ನ ಮೇಲೆ ದೂರು ಬರುತ್ತದೆ ಎಂದು ಅವಳಿಗೆ ಭಯ. ಅತ್ತೆ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಡಚಿ ಹೊರಗೆ ಇಟ್ಟವಳು ನಾನು, ಇವಳದೇನೂ ತಪ್ಪಿಲ್ಲ ಎಂದು ಆ ಕೌಂಟರಿನವನಿಗೆ ಹೇಳು ಎಂದರು. ಹೇಳಿದೆ. ಹುಡುಗಿಗೆ ಅರ್ಥವಾಯಿತು. ಲಾಂಡ್ರಿಗೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಕೌಂಟರಿನವನು ಹೋಗು ಎಂದು ಬಿಟ್ಟುಕೊಟ್ಟ. ಮೂವರೂ ಊರಿನ ಬಸ್ಸು ಹತ್ತಿದೆವು. ನಿಂತಿದ್ದ ಅತ್ತೆಗೆ ಒಬ್ಬ ಮುದುಕ ಎದ್ದು ಸೀಟು ಕೊಟ್ಟ.

ಲಾಂಡ್ರಿ ಎಂದರೆ ದೊಡ್ಡ ಗೋದಾಮು. ಹತ್ತಾರು ಹೋಟೆಲುಗಳ ಬಟ್ಟೆ ಅಲ್ಲಿಗೆ ಬರುತ್ತದೆ. ಚೀಲಗಳು ಮೇಲಿನ ಕಂಬಿಗೆ ತೂಗುಬಿದ್ದಿದ್ದವು, ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಹೆಂಗಸರು ಉದ್ದನೆಯ ಮೇಜಿನ ಮುಂದೆ ನಿಂತು ಚೀಲ ಸುರಿದು, ಒಂದೊಂದೇ ಚಾದರ ಕೊಡವಿ ಮುಂದಕ್ಕೆ ಹಾಕುತ್ತಿದ್ದರು. ಕೊಡವಿದಾಗ ಬಿದ್ದದ್ದನ್ನೆಲ್ಲ ಒಂದು ತಟ್ಟೆಯಲ್ಲಿ ಇಡುತ್ತಾರೆ. ಆ ತಟ್ಟೆಯನ್ನು ನಮ್ಮ ಮುಂದೆ ತಂದರು. ಕಿವಿಯ ಓಲೆ, ಮಗುವಿನ ಕಾಲುಚೀಲ, ಯಾರದೋ ಹಲ್ಲಿನ ಸೆಟ್ಟು. ನಮ್ಮದು ಇರಲಿಲ್ಲ. ನಮ್ಮ ಹೋಟೆಲಿನ ಚೀಲಗಳ ಸರದಿ ಇನ್ನೂ ಬಂದಿಲ್ಲ, ಕಾಯಿರಿ ಎಂದು ಎರಡು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು.

ಕಾದೆವು. ಅತ್ತೆಯ ತುಟಿ ಒಣಗಿ ಬಿಳಿಯಾಗಿತ್ತು. ನನಗೆ ತಾಳ್ಮೆ ತಪ್ಪಿತು. ನೀರಾದರೂ ಕುಡಿಯಿರಿ, ಇಷ್ಟು ವರ್ಷ ಪೂಜೆ ಮಾಡಿಸಿಕೊಂಡ ಶಿವನಿಗೆ ಇವತ್ತೊಂದು ದಿನ ಅರ್ಥವಾಗುವುದಿಲ್ಲವೇ, ನೀವು ಇಲ್ಲಿ ಬಿದ್ದರೆ ನಿಮ್ಮ ಮಗನಿಗೆ ನಾನೇನು ಹೇಳಲಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಸೆರಗು ಸಡಿಲಿಸಿ ಕುತ್ತಿಗೆಯ ಬೆವರು ಒರೆಸಿಕೊಂಡರು. ಆಗ ಕಂಡಿತು. ಅವರ ಕೊರಳಲ್ಲಿ ಶಿವದಾರ ಇತ್ತು. ದಾರದ ತುದಿಯಲ್ಲಿ, ಲಿಂಗ ಇಡುವ ಅವರ ಬೆಳ್ಳಿಯ ಕರಡಿಗೆಯೂ ಇತ್ತು.

"ಅತ್ತಿ, ನಿಮ್ಮ ಲಿಂಗ ಕೊರಳಾಗ ಐತಲ್ರಿ?"

"ನಂದು ಐತಿ," ಎಂದರು. "ಹೋಗಿದ್ದು ನಿಂದು."

ನನಗೆ ಮೊದಲು ತಿಳಿಯಲೇ ಇಲ್ಲ. ಆಮೇಲೆ ಮೆಲ್ಲಗೆ ನೆನಪಾಯಿತು. ಶರಣ ಅಂಗನವಾಡಿಗೆ ಹೋಗುತ್ತಿದ್ದ ಕಾಲಕ್ಕೆ ನನ್ನ ಗರ್ಭಕೋಶದಲ್ಲಿ ಗಡ್ಡೆಯಾಗಿತ್ತು, ಕೆಟ್ಟ ಗಡ್ಡೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮೊದಲು ನರ್ಸು ನನ್ನ ಬಳೆ, ಮೂಗುತಿ, ಕೊರಳಿನ ಲಿಂಗ ಎಲ್ಲ ಬಿಚ್ಚಿ ಅತ್ತೆಯ ಕೈಗೆ ಕೊಟ್ಟಿದ್ದಳು. ಬಳೆ ಮೂಗುತಿ ವಾಪಸು ಬಂದವು. ಲಿಂಗವನ್ನು ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ವಾರಗೆಯ ಎಷ್ಟೋ ಜನ ಲಿಂಗ ಕಟ್ಟಿಕೊಳ್ಳುವುದನ್ನು ಬಿಟ್ಟಿದ್ದಾರೆ; ಮನೆಯ ದೇವರ ಜಗಲಿಯಲ್ಲಿ ಎಲ್ಲೋ ಇದ್ದೀತು ಎಂದುಕೊಂಡು ಸುಮ್ಮನಿದ್ದೆ.

"ಒಳಗ ನಿನ್ನ ಕೊ‍ಯ್ಯಾಕ ಹತ್ತಿದ್ರು. ಹೊರಗ ಹೆಂಗಸರು, ಇದು ಬಂದವರು ಉಳಿಯೂದು ಕಷ್ಟ ಅಂತ ಮಾತಾಡ್ಕೋತ ಕುಂತಿದ್ರು," ಎಂದು ಅತ್ತೆ ಒಂದೊಂದೇ ಮಾತು ಹೇಳಿದರು. "ನಿಂದು ನನ್ನ ಕೈಯಾಗಿತ್ತು. ಆಕಿ ಹುಷಾರಾಗೂತನಕ ಇದರ ಪೂಜಿ ನಾ ಮಾಡ್ತೀನಿ, ಒಂದ ದಿನಾನೂ ಬಿಡಂಗಿಲ್ಲ, ಆಕೀನ ಉಳಸು ಅಂತ ಬೇಡ್ಕೊಂಡ್ನಿ. ಅವತ್ತಿನಿಂದ ಬಿಟ್ಟಿಲ್ಲ. ಇವತ್ತ ನಂದ ಮಾಡ್ಕೊಂಡು, ನಿಂದ ಬಿಟ್ಟು, ನಾ ಹೆಂಗ ಉಣ್ಣಲಿ?"

ದಾಸನಕೊಪ್ಪದ ಗಲ್ಲಾದ ಮುಂದೆ ಕೂತು ಅಳತೆ ತಪ್ಪದೆ ಪೈಪು ಮಾರಿದ ಈ ಹೆಂಗಸು, ಆ ಕಲ್ಲು ಕಳೆದರೆ ಸೊಸೆ ಸಾಯುತ್ತಾಳೆ ಎಂದು ನಂಬಿಕೊಂಡು ಬೆಳಗಿನಿಂದ ನೀರಿಲ್ಲದೆ ಕೂತಿದ್ದರು.  ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಆ ಹುಡುಗಿ ದೂರದಿಂದ ಕೈ ಬೀಸಿದಳು. ನಮ್ಮ ಹೋಟೆಲಿನ ಚೀಲ ಬಿಚ್ಚಿದ್ದರು.

ಮೇಜಿನ ಮೇಲೆ ಬಟ್ಟೆ ಗುಡ್ಡೆಯಾಗಿ ಬಿತ್ತು. ಎಲ್ಲ ಮುದ್ದೆ ಮುದ್ದೆ, ತಿರುಚಿಕೊಂಡಿದ್ದವು. ಎರಡನೆಯ ಚೀಲದಲ್ಲೂ ಹಾಗೇ. ಮೂರನೆಯ ಚೀಲ ಸುರಿದಾಗ ನಡುವಿನಿಂದ ಅಂಚಿಗೆ ಅಂಚು ಕೂಡಿಸಿ, ತುದಿ ಒಳಗೆ ಸಿಕ್ಕಿಸಿದ ಒಂದು ಮಡಿಕೆ ಉರುಳಿ ಬಂತು. ಅಷ್ಟು ದೂರ ಬಂದರೂ ಅದು ಬಿಚ್ಚಿಕೊಂಡಿರಲಿಲ್ಲ. ಅತ್ತೆ ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡರು. ಯಾರಿಗೂ ಕೊಡದೆ ತಾವೇ ಒಂದೊಂದೇ ಮಡಿಕೆ ಬಿಡಿಸಿದರು. ಒಳಗಿನ ಟವೆಲಿನ ಸುಕ್ಕಿನಲ್ಲಿ ಬಿಳಿ ವಸ್ತ್ರದ ಸಣ್ಣ ಗಂಟು ಇತ್ತು.

ಅಲ್ಲಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಗಲಗಲ ಮಾತಾಡಿದರು. ಆ ಹುಡುಗಿ ಅಳುತ್ತ ನಗುತ್ತ ನಿಂತಿದ್ದಳು. ಒಬ್ಬಾಕೆ ಮೂಲೆಯಲ್ಲಿ ಕುರ್ಚಿ ಹಾಕಿ, ಕಾಗದದ ಲೋಟಗಳಲ್ಲಿ ನೀರು ತಂದಿಟ್ಟಳು. ಅತ್ತೆ ಕೈ ತೊಳೆದು, ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಗೆ ಮುಖ ಮಾಡಿ ಕೂತರು. ಮೊದಲ ಬಾರಿಗೆ ನಾನು ಪಕ್ಕದಲ್ಲಿ ನಿಂತು ಅವರ ಪೂಜೆ ನೋಡಿದೆ. ಎಡಗೈಯನ್ನು ಬಿಡಿಸಿ, ಕರಡಿಗೆಯಿಂದ ತೆಗೆದ ತಮ್ಮ ಲಿಂಗವನ್ನು ಮಣಿಕಟ್ಟಿನ ಕಡೆಗೆ ಸರಿಸಿ ಇಟ್ಟುಕೊಂಡರು. ಅಂಗೈಯ ನಡುವಿನ ಜಾಗದಲ್ಲಿ ನನ್ನದನ್ನು ಇಟ್ಟರು. ಎರಡಕ್ಕೂ ನೀರೆರೆದು ವಿಭೂತಿ ಹಚ್ಚಿದರು. ತುಟಿ ಅಲ್ಲಾಡುತ್ತಿತ್ತು, ಕೇಳಿಸುತ್ತಿರಲಿಲ್ಲ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಒಳಕೋಣೆಯಲ್ಲಿ ದಿನವೂ ನಡೆಯುತ್ತಿದ್ದದ್ದು ಇದು.

ಅವರು ಕಣ್ಣು ತೆರೆದ ಮೇಲೆ ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ.

"ಅತ್ತಿ, ನಂಗ ಪೂರ್ತಿ ವಾಸಿಯಾಗೇತ್ರಿ. ಎಲ್ಲಾ ತಪಾಸಣಿ ಮುಗಿಸಿ, ನಿಮಗ ಇನ್ನ ಯಾವ ರೋಗಾನೂ ಇಲ್ಲ ಅಂತ ಡಾಕ್ಟರು ಹೇಳಿ ಭಾಳ ವರ್ಷ ಆತು."

"ಯಾವಾಗ?"

"ಶರಣ ನಾಕನೇ ಕ್ಲಾಸಿನ್ಯಾಗ ಇದ್ದನ್ರಿ ಆವಾಗ."

ಅವರು ನನ್ನ ಮುಖವನ್ನೇ ನೋಡಿದರು.

"ನಂಗ ಯಾರೂ ಹೇಳ್ಲಿಲ್ಲ," ಎಂದರು.

ಹೇಳಿರಲಿಲ್ಲ, ನಿಜ. ಇನ್ನು ಅವ್ವನಿಗೆ ಆಸ್ಪತ್ರೆಯ ಮಾತು ಹೇಳಬೇಡ, ಸುಮ್ಮನೆ ಹೆದರುತ್ತಾಳೆ ಎಂದು ಆಪರೇಷನ್ ಆಗಿ ಮನೆಗೆ ಬಂದ ದಿನವೇ ಸುಭಾಷ್ ಅಂದಿದ್ದರು. ತಪಾಸಣೆಗೆ ಹುಬ್ಬಳ್ಳಿಗೆ ಹೋಗುವಾಗೆಲ್ಲ ಕಂಪನಿಯ ಕೆಲಸ ಎಂದು ಹೇಳಿ ಹೋಗುತ್ತಿದ್ದೆವು. ಹೀಗೆ ಕೆಟ್ಟ ಸುದ್ದಿ ಅವರಿಂದ ದೂರ ಉಳಿಯಿತು, ಅದರ ಜೊತೆಗೆ ಒಳ್ಳೆಯ ಸುದ್ದಿಯೂ ಉಳಿದುಬಿಟ್ಟಿತು. ಮಧ್ಯಾಹ್ನ ನಾನು ಸ್ವಲ್ಪ ಅಡ್ಡಾದರೆ ಅವರು ಬಂದು ಬಾಗಿಲಲ್ಲಿ ನಿಂತು, ಒಂದು ಗಳಿಗೆ ನೋಡಿ, ಮಾತಾಡದೆ ಹೋಗುತ್ತಿದ್ದರು. ಸೊಸೆ ಮಲಗಿಕೊಂಡೇ ಕಾಲ ಕಳೆಯುತ್ತಾಳೆ ಎಂದು ನೋಡಲು ಬರುತ್ತಾರೆ ಎಂದು ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಅವರು ಬರುತ್ತಿದ್ದದ್ದು ನನ್ನ ಉಸಿರು ಆಡುತ್ತಿದೆಯೇ ಎಂದು ನೋಡಲು.

"ಪೂರ್ತಿ?" ಎಂದು ಮತ್ತೆ ಕೇಳಿದರು.

"ಪೂರ್ತಿ ರೀ ಅತ್ತಿ."

ಅವರು ನನ್ನ ಎಡಗೈ ಎಳೆದುಕೊಂಡು ನನ್ನ ಲಿಂಗವನ್ನು ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮುಚ್ಚಿದರು. ಹಾಗಾದರೆ ಇನ್ನು ನೀನೇ ಮಾಡಿಕೋ ಎಂದರು. ಆ ಗೋದಾಮಿನಲ್ಲಿ, ಅಷ್ಟು ಜನ ಹೆಂಗಸರ ಮುಂದೆ, ನಮ್ಮತ್ತೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರನ್ನು ತಬ್ಬಿಕೊಂಡೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ತಬ್ಬಿಕೊಂಡಿರಲಿಲ್ಲ. ಆಮೇಲೆ ಕಾಗದದ ಲೋಟ ಹಿಡಿದು ನಾನೇ ನೀರು ಕುಡಿಸಿದೆ. ಅದು ಮುಗಿದ ಮೇಲೆ ಇನ್ನೊಂದು ಲೋಟ ಕೇಳಿದರು.